ಸಣ್ಣ ಊರು, ಒಂದು ಕೊಲೆ, ನೂರು ಪತ್ತೇದಾರರು

ಈಚೆಗೆ ರಾಣೇಬೆನ್ನೂರಿಗೆ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಳೆಯ ವಿದ್ಯಾರ್ಥಿಯೊಬ್ಬ, "ಸರ, ನೀವು ಬರೇ ಚಾಲುಕ್ಯರು, ಸೇವುಣರು ಅಂತ ಬರೀತೀರಿ. ನಗೂವಂಥಾದ್ದು ಒಂದಾದರೂ ಬರೀರಿ" ಎಂದ. ಹಾವೇರಿಗೆ ಮರಳುವ ಬಸ್ಸಿನಲ್ಲಿ ನಗುವಂಥ ವಿಷಯ ಯಾವುದೆಂದು ಯೋಚಿಸುತ್ತ ಕುಳಿತೆ. ಮೋಟೆಬೆನ್ನೂರು ದಾಟುವಾಗ ನೆನಪಾದದ್ದು ಕೊಲೆಯ ವಿಷಯ. ಗಾಬರಿಯಾಗಬೇಡಿ, ನಾನು ಹೇಳಹೊರಟಿರುವುದು ಪುಸ್ತಕದೊಳಗಿನ ಕೊಲೆಗಳನ್ನು. ಆದರೂ ಅದರಲ್ಲಿ ನನ್ನದೊಂದು ಅಪರಾಧ ಸೇರಿಕೊಂಡಿದೆ. ಅದನ್ನು ಹೇಳದೆ ಈ ಲೇಖನ ಮುಗಿಯಲಾರದು.

ನಾನು ಹೈಸ್ಕೂಲು ಓದುತ್ತಿದ್ದ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಡೆ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಚಿಕ್ಕ ಅಂಗಡಿಗಳಿದ್ದವು. ದಿನಕ್ಕೆ ಹತ್ತು ಪೈಸೆ. ಅಂಗೈಯಗಲದ ಪುಸ್ತಕ, ಮುಖಪುಟದಲ್ಲಿ ಪಿಸ್ತೂಲು, ಟೋಪಿ ಹಾಕಿದ ಒಂದು ನೆರಳು, ಹೆದರಿದ ಒಂದು ಹೆಣ್ಣುಮುಖ. ಇವುಗಳಲ್ಲಿ ಮುಕ್ಕಾಲು ಪಾಲು ಎನ್. ನರಸಿಂಹಯ್ಯನವರವು. 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ಈ ಮಹನೀಯರು ಓದಿದ್ದು ನಾಲ್ಕನೆಯ ಇಯತ್ತೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಬಿ.ಎಡ್. ಮಾಡಿದ ನನ್ನಂಥವರು ಮೂವತ್ತೈದು ವರ್ಷ ತರಗತಿಯಲ್ಲಿ ಗಂಟಲು ಹರಿದುಕೊಂಡು ಎಷ್ಟು ಜನರಿಗೆ ಓದಿನ ರುಚಿ ಹತ್ತಿಸಿದೆವೋ ಕಾಣೆ. ಅವರ ಪತ್ತೇದಾರ ಪುರುಷೋತ್ತಮ ಮಾತ್ರ ಲಕ್ಷಾಂತರ ಜನರಿಗೆ ಹತ್ತಿಸಿದ.

ಅವರೊಬ್ಬರೇ ಅಲ್ಲ. ನವೆಂಬರ್ ಒಂದರಂದು ನಾವು ಹಾರಿಸುವ ಹಳದಿ-ಕೆಂಪು ಬಾವುಟಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. 1967ರಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡಿಸುವಾಗ ಮಣ್ಣು ಕುಸಿದು ಇಬ್ಬರು ಗಂಡುಮಕ್ಕಳೊಡನೆ ತೀರಿಕೊಂಡರು. ಎಷ್ಟೋ ಸಾವುಗಳನ್ನು ಕಲ್ಪಿಸಿ ಬರೆದವರಿಗೆ ಇಂಥ ಸಾವು ಬಂತಲ್ಲ ಎಂದು ಈಗಲೂ ಮನಸ್ಸು ಕಲಕುತ್ತದೆ. ಇನ್ನು ಟಿ. ಕೆ. ರಾಮರಾವ್. ರಾಜಕುಮಾರರ 'ಬಂಗಾರದ ಮನುಷ್ಯ' ಚಿತ್ರವನ್ನು ನೋಡಿ ಕಣ್ಣೀರಿಟ್ಟವರಿಗೆ, ಅದರ ಮೂಲ ಕಾದಂಬರಿಯನ್ನು ಬರೆದ ಕೈಯೇ ಹತ್ತಾರು ರೋಮಾಂಚಕ ಪತ್ತೇದಾರಿ ಕತೆಗಳನ್ನೂ ಬರೆದಿತ್ತೆಂಬುದು ಬಹುಶಃ ತಿಳಿದಿರಲಿಕ್ಕಿಲ್ಲ.

ಹಾಗೆ ನೋಡಿದರೆ ನಮ್ಮ ಹಾವೇರಿ ಸೀಮೆಗೆ ಕಾದಂಬರಿಯ ಗೀಳು ಹಿಡಿಸಿದವರು ಇವರೆಲ್ಲರಿಗಿಂತ ಹಿರಿಯರಾದ ಗಳಗನಾಥರು (1869-1942). ವೃತ್ತಿಯಿಂದ ಸಾಲಿ ಮಾಸ್ತರರು. ಐತಿಹಾಸಿಕ ಕಾದಂಬರಿಗಳನ್ನು ತಾವೇ ಬರೆದು, ಅಚ್ಚು ಹಾಕಿಸಿ, ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರಿದ ಪುಣ್ಯಾತ್ಮರು. ಕಾದಂಬರಿಯನ್ನು ಹೊತ್ತು ತಿರುಗಿದ ಮಾಸ್ತರರು ಇದ್ದ ನೆಲದಲ್ಲಿಯೇ ಕಾದಂಬರಿಯನ್ನು ಹರಿದ ಮಾಸ್ತರನೂ ಇದ್ದ. ಆ ಮಾಸ್ತರನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಬಾಲ್ಯದಲ್ಲಿ ಕೊಲೆಯ ಕತೆಯನ್ನು ಕೇಳಲು ಇನ್ನೊಂದು ಜಾಗವಿತ್ತು. ಅದು ಬಯಲಾಟದ ಅಂಕಣ. ಬೈಲಹೊಂಗಲದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಿಜವಾಗಿ ನಡೆದ ಕೊಲೆಯೊಂದನ್ನು ಆಧರಿಸಿ ಹುಟ್ಟಿದ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ನಮ್ಮ ಕಡೆಯ ಹಿರಿಯರೆಲ್ಲ ಬಲ್ಲರು. ಬೈಲವಾಡದ ಪತ್ತಾರ ಮಾಸ್ತರರ ಹೆಸರಿನೊಡನೆ ಈ ಆಟ ತಳಕು ಹಾಕಿಕೊಂಡಿದೆ. ನೋಡಿ, ಇಲ್ಲಿಯೂ ಒಬ್ಬ ಮಾಸ್ತರರು! ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿ ಓದುವ ಲೋಕಕ್ಕೆ ತಂದರು. ಈರಣ್ಣನ ಹೆಂಡತಿ ಗಂಗಿಯ ಮೇಲೆ ಸಂಗ್ಯಾ ಮನಸ್ಸಿಡುತ್ತಾನೆ; ಪ್ರಾಣಸ್ನೇಹಿತ ಬಾಳ್ಯಾ ಆಸೆಗೆ ಬಿದ್ದು ಅವನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ. ನಡುವೆ ಸಂಧಾನಕ್ಕೆ ಓಡಾಡುವ ಮುದುಕಿಯ ಪಾತ್ರ ಬಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಬೆಳಗಿನ ಜಾವಕ್ಕೆ ಅದೇ ಜನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆದರೆ ಇಲ್ಲಿ ರಹಸ್ಯವೇನೂ ಇಲ್ಲ. ಯಾರು ಕೊಂದರು, ಏಕೆ ಕೊಂದರು, ಎಷ್ಟು ದುಡ್ಡು ಕೈ ಬದಲಾಯಿತು, ಎಲ್ಲವೂ ಆಟ ಶುರುವಾಗುವ ಮುನ್ನವೇ ನೋಡುಗರಿಗೆ ಗೊತ್ತು. ಸಣ್ಣ ಊರಿನ ಕೊಲೆಯೆಂದರೆ ಹೀಗೆಯೇ. ನಗರದಲ್ಲಿ ಪತ್ತೇದಾರನಿಗೆ ಸಾಕ್ಷಿ ಸಿಗುವುದಿಲ್ಲ. ನಮ್ಮಲ್ಲಿ ಚಹಾದಂಗಡಿಗೆ ಒಂದು, ಕ್ಷೌರದಂಗಡಿಗೆ ಎರಡು ಸಾಕ್ಷಿ. ಎಲ್ಲರಿಗೂ ಎಲ್ಲವೂ ಗೊತ್ತು. ಪಂಚನಾಮೆಗೆ ಸಹಿ ಹಾಕಿ ಎಂದರೆ ಮಾತ್ರ ಎಲ್ಲರೂ ಆ ದಿನ ಪರಊರಿಗೆ ಹೋಗಿದ್ದರು. ಪುರುಷೋತ್ತಮನ ಕಾದಂಬರಿಗಳಿಗೆ ನಾವು ಹುಡುಗರು ಮರುಳಾದದ್ದು ಇದೇ ಕಾರಣಕ್ಕೆ ಇರಬೇಕೆಂದು ನನಗೆ ಈಗ ಅನಿಸುತ್ತದೆ. ನಮ್ಮೂರಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸತ್ಯವನ್ನು ಆ ಪುಸ್ತಕಗಳ ಕಡೆಯ ಹಾಳೆಯಲ್ಲಿ ಒಬ್ಬ ಮನುಷ್ಯ ಎಲ್ಲರೆದುರಿಗೆ ನಿಂತು ಹೇಳುತ್ತಿದ್ದ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. 1988ನೆಯ ಇಸವಿ. ರಾಣೇಬೆನ್ನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ಮೊದಲ ಮಹಾಯುದ್ಧದ ಪಾಠ ನಡೆದಿತ್ತು. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜ ಫ್ರಾನ್ಸಿಸ್ ಫರ್ಡಿನೆಂಡನ ಕೊಲೆ. ಬೆಳಗಿನ ಬಾಂಬು ಗುರಿ ತಪ್ಪಿತ್ತು. ಆಮೇಲೆ ಕಾರಿನ ಚಾಲಕ ದಾರಿ ತಪ್ಪಿ ತಿರುಗಿಸಿದ್ದರಿಂದ ಕೊಲೆಗಾರನ ಎದುರಿಗೇ ಕಾರು ಹೋಗಿ ನಿಂತಿತು. ಈ ಘಟನೆಯನ್ನು ನಾನು ಹಾವಭಾವದೊಡನೆ ಹೇಳುತ್ತಿದ್ದೆನೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂದು ಕಡೆಯ ಬೆಂಚಿನಲ್ಲಿ ಒಬ್ಬ ಹುಡುಗ ಮಾತ್ರ ತಲೆ ಎತ್ತಲಿಲ್ಲ. ಹೋಗಿ ನೋಡಿದರೆ ಇತಿಹಾಸದ ಪುಸ್ತಕದೊಳಗೆ ಮುಖಪುಟವಿಲ್ಲದ ಒಂದು ಪತ್ತೇದಾರಿ ಪುಸ್ತಕ. ನಾನು ಒಂದು ಕೊಲೆಯ ಪಾಠ ಹೇಳುವಾಗ ಇನ್ನೊಂದು ಕೊಲೆಯನ್ನು ಓದಿದ ತಪ್ಪಿಗೆ ಪುಸ್ತಕವನ್ನು ಕಸಿದು, ಎಲ್ಲರೆದುರಿಗೆ ಎರಡು ತುಂಡು ಮಾಡಿದೆ.

ಹುಡುಗ ಅಳಲಿಲ್ಲ, ಕ್ಷಮೆ ಕೇಳಲಿಲ್ಲ. "ಸರ, ಕಡೀ ಹಾಳಿ ಅಷ್ಟ ಕೊಡ್ರಿ" ಎಂದ.

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. ತುಂಡುಗಳನ್ನು ಸ್ಟಾಫ್ ರೂಮಿಗೆ ಒಯ್ದು ಮೂಲೆಗೆ ಎಸೆದೆ. ಮರುದಿನ ನಮ್ಮ ಜವಾನ ಅವುಗಳಿಂದ ಚಹಾದ ಒಲೆ ಹೊತ್ತಿಸಿದ.

ಆ ಪುಸ್ತಕ ಬಾಡಿಗೆಯದು. ಅಂಗಡಿಯವನಿಗೆ ಪೂರ್ತಿ ಬೆಲೆ ಕಟ್ಟಿಕೊಡಬೇಕಿತ್ತು. ಹುಡುಗ ಒಂದು ವಾರ ಶಾಲೆಗೆ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ವಿಚಾರಿಸಿದಾಗ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ತಾಯಿಯೊಡನೆ ಹೋಗುತ್ತಿದ್ದಾನೆಂದು ತಿಳಿಯಿತು. ನಾನು ಪುಸ್ತಕ ಹರಿದದ್ದರಿಂದಲೇ ಅವನು ಶಾಲೆ ಬಿಟ್ಟನೆಂದು ಹೇಳಲಾರೆ. ಮನೆಯಲ್ಲಿ ಬಡತನವಿತ್ತು, ಬಿಡಲು ಬೇರೆ ಕಾರಣಗಳೂ ಇದ್ದವು. ಆದರೆ ಪತ್ತೇದಾರಿ ಕಾದಂಬರಿಯ ಭಾಷೆಯಲ್ಲಿ ಹೇಳುವುದಾದರೆ ಸಾಂದರ್ಭಿಕ ಸಾಕ್ಷ್ಯವೆಲ್ಲ ನನ್ನ ಕಡೆಗೇ ಬೆರಳು ತೋರಿಸುತ್ತದೆ.

ಇದರಲ್ಲಿ ನಗಬೇಕಾದ ಸಂಗತಿಯೊಂದಿದೆ. ಅದೇ ತಿಂಗಳು ನನ್ನ ಚೀಲದಲ್ಲಿಯೂ ಒಂದು ಕೊಲೆಯ ಕಾದಂಬರಿ ಇತ್ತು, ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'. 1985ರಲ್ಲಿ ಪ್ರಕಟವಾದ ಈ ಕೃತಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಓದುವುದು ಗೌರವದ ವಿಷಯ. ಹುಡುಗನ ಪುಸ್ತಕಕ್ಕೆ ಮುಖಪುಟವೇ ಇರಲಿಲ್ಲ. ಅದು ಒಲೆಗೆ ಹೋಯಿತು.

ಮಲೆನಾಡಿನ ಕೆಸರೂರು ಎಂಬ ಸಣ್ಣ ಊರು. ಏಲಕ್ಕಿಯ ಇಳುವರಿ ಕುಸಿಯುತ್ತಿದೆ. ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳ್ ನಿಗೂಢವಾಗಿ ಸತ್ತಿದ್ದಾನೆ. ತನಿಖೆಗೆ ಗುಪ್ತಚರ ಇಲಾಖೆಯ ಶ್ಯಾಮನಂದನ ಅಂಗಡಿ ಬರುತ್ತಾರೆ. ಪತ್ತೇದಾರಿ ಕಾದಂಬರಿಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ. ಆದರೆ ತನಿಖೆ ಮುಂದುವರಿದಷ್ಟೂ ಕೊಲೆ ಹಿಂದೆ ಸರಿದು ಊರು ಮುಂದೆ ಬರುತ್ತದೆ. ಗಾಳಿಮಾತು, ಜಾತಿ, ಕೋಮುದ್ವೇಷ, ಕ್ರಾಂತಿಯ ಕನಸಿನ ಹುಡುಗರು, ರಫಿ-ಜಯಂತಿಯರ ಪ್ರೇಮ. ಪ್ರತಿಯೊಬ್ಬನ ಬಳಿಯೂ ಒಂದು ಊಹೆ, ಪ್ರತಿಯೊಂದು ಊಹೆಗೂ ಒಬ್ಬ ಶತ್ರು. ಪುಟಪುಟಕ್ಕೂ ನಗಿಸುತ್ತ ಹೋಗುವ ಕತೆ ಕಡೆಯಲ್ಲಿ ಊರನ್ನೇ ಸುತ್ತುವರಿಯುವ ಬೆಂಕಿಯಲ್ಲಿ ಮುಗಿಯುತ್ತದೆ. ಚಿದಂಬರದ ಗುಡಿಯಲ್ಲಿ ತೆರೆ ಸರಿಸಿದರೆ ಮೂರ್ತಿಯಿಲ್ಲ. ಚಿನ್ನದ ಬಿಲ್ವದೆಲೆಗಳ ಮಾಲೆ, ಅದರ ಹಿಂದೆ ಬರಿಯ ಆಕಾಶ. ತೇಜಸ್ವಿಯವರು ಹೆಸರನ್ನು ಸುಮ್ಮನೆ ಇಟ್ಟವರಲ್ಲ.

ಹಾವೇರಿಯವರಾದ ನಮಗೆ ಈ ಕಾದಂಬರಿ ಪರವೂರಿನದೆಂದು ಅನಿಸುವುದಿಲ್ಲ. ಏಲಕ್ಕಿ ಬೆಳೆಯದ ನಮ್ಮೂರು ಏಲಕ್ಕಿಯ ಊರಾದದ್ದು ಹೇಗೆ? ಘಟ್ಟದ ಮೇಲಿನ ಏಲಕ್ಕಿಯನ್ನು ಹಿಂದೆ ಇಲ್ಲಿಗೆ ತಂದು, ಇಲ್ಲಿಯ ಬಾವಿಯ ನೀರಿನಲ್ಲಿ ಅಂಟವಾಳದ ನೊರೆ ಹಾಕಿ ತೊಳೆದು ಬಿಳುಪು ಮಾಡುತ್ತಿದ್ದರು. ಆ ಕಸುಬಿನ ನೆನಪಾಗಿ ಏಲಕ್ಕಿ ಹಾರ ಉಳಿದಿದೆ. 2023ರ ಜನವರಿಯಲ್ಲಿ ಇಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ ಅದನ್ನೇ ಹೆಮ್ಮೆಯಿಂದ ತೋರಿಸಿದೆವು. ತೇಜಸ್ವಿಯವರು ಬರೆದ ದಶಕದಲ್ಲಿ ಏಲಕ್ಕಿ ನಿಜವಾಗಿಯೂ ಸಂಕಟದಲ್ಲಿತ್ತು. ತೋಟಗಳಲ್ಲಿ ಕಟ್ಟೆ ರೋಗ, ಜಗತ್ತಿನ ಮಾರುಕಟ್ಟೆಯಲ್ಲಿ ನಮ್ಮದನ್ನು ಹಿಂದಕ್ಕೆ ತಳ್ಳಿದ ಗ್ವಾಟೆಮಾಲಾದ ಏಲಕ್ಕಿ. ಆದರೆ ಗ್ವಾಟೆಮಾಲಾವನ್ನು ಹಿಡಿದು ಹೊಡೆಯಲು ಬರುವುದಿಲ್ಲವಲ್ಲ. ಹಾಗಾದಾಗ ಊರು ಕೈಗೆ ಸಿಕ್ಕ ನೆರೆಯವನನ್ನೇ ಕೊಲೆಗಾರನನ್ನಾಗಿ ಮಾಡಿಕೊಳ್ಳುತ್ತದೆ.

2024ರ ಮಾರ್ಚ್ 11, ಸೋಮವಾರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಇಟ್ಟರು. ಟಿವಿಯಲ್ಲಿ ಆ ಹೊಗೆಯನ್ನು ನೋಡುವಾಗ ನನಗೆ ಕೆಸರೂರು ನೆನಪಾಯಿತು. ಮುಂದಿನ ತಿಂಗಳು ವರ್ಷದ ಖಾರಕ್ಕೆಂದು ಮೆಣಸಿನಕಾಯಿ ತರಲು ಬ್ಯಾಡಗಿಗೆ ಹೋದೆ. ಚಹಾದಂಗಡಿಯಲ್ಲಿ ಅದೇ ಚರ್ಚೆ. ಒಬ್ಬ ದಲಾಲರೇ ಕಾರಣವೆಂದ, ಇನ್ನೊಬ್ಬ ಆಂಧ್ರದ ಮಾಲು ಎಂದ, ಮತ್ತೊಬ್ಬ ಶೀತಲ ಗೃಹದವರೆಂದ. ಬೆಲೆಯನ್ನು ಕೊಂದವರು ಯಾರೆಂಬುದಕ್ಕೆ ಅಲ್ಲಿ ಏಳು ಜನರಿದ್ದರೆ ಎಂಟು ಉತ್ತರಗಳಿದ್ದವು.

ಅಷ್ಟರಲ್ಲಿ ನೆರೆತ ತಲೆಯ ಒಬ್ಬರು ಎದ್ದು ಬಂದು ಕಾಲು ಮುಟ್ಟಿದರು. ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರು. "ಗುರತ ಹತ್ತಲಿಲ್ಲೇನ್ರಿ ಸರ? ಕಡೀ ಹಾಳಿ ಕೇಳಿದ ಹುಡುಗ" ಎಂದರು.

ನನಗೆ ಮಾತು ಹೊರಡಲಿಲ್ಲ. ಮೂವತ್ತಾರು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಹೇಳಿ, ತಪ್ಪಾಯಿತಪ್ಪ ಎಂದೆ. "ಅಯ್ಯ, ಬಿಡ್ರಿ ಸರ, ಸಾಲಿ ಹೆಂಗೂ ಬಿಡೂದಿತ್ತು" ಎಂದು ನಕ್ಕರು. ಅದು ನಿಜವೋ, ನನ್ನ ಮುಖ ನೋಡಿ ಹೇಳಿದ ಮಾತೋ ತಿಳಿಯಲಿಲ್ಲ. ಆಮೇಲೆ ಚಹಾದ ಲೋಟ ಕೆಳಗಿಡುತ್ತ, "ಆದರ ಕೊಂದವ ಯಾರು ಅನ್ನೂದು ಇನ್ನೂ ತಿಳಿದಿಲ್ಲ ನೋಡ್ರಿ" ಎಂದರು. ಅದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ.

ಪುಸ್ತಕದ ಹೆಸರು ಅವರಿಗೂ ಗೊತ್ತಿಲ್ಲ, ಬರೆದವರ ಹೆಸರೂ ಗೊತ್ತಿಲ್ಲ. ಕತೆ ಮಾತ್ರ ಅಕ್ಷರ ಅಕ್ಷರ ನೆನಪಿದೆ. ಒಂದು ಸಣ್ಣ ಊರಿನ ಸಿನೆಮಾ ಟಾಕೀಜು. ಮಧ್ಯಂತರದ ದೀಪ ಹತ್ತಿದಾಗ ಬಾಲ್ಕನಿಯಲ್ಲಿ ಕುಳಿತ ಸಾಹುಕಾರ ಸತ್ತಿರುತ್ತಾನೆ. ಕೈಯಲ್ಲಿ ಎರಡು ಟಿಕೀಟು, ಪಕ್ಕದ ಕುರ್ಚಿ ಖಾಲಿ.

ಅಂದಿನಿಂದ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರಿನ ಹಳೆಯ ಪುಸ್ತಕದ ಅಂಗಡಿಗಳನ್ನೆಲ್ಲ ತಡಕಿದ್ದೇನೆ. ನೂರಕ್ಕೂ ಮೇಲೆ ಓದಿದೆ. ಮನೆಯವರು ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎನ್ನುತ್ತಾರೆ. ಇನ್ನೂ ಸಿಕ್ಕಿಲ್ಲ. ಇದನ್ನು ಓದುವವರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಆ ಪುಸ್ತಕವಿದ್ದರೆ, ಅಥವಾ ನಿಮ್ಮ ತಂದೆತಾಯಿಗಳಿಗೆ ಆ ಕತೆ ನೆನಪಿದ್ದರೆ, ದಯವಿಟ್ಟು ನನಗೆ ಒಂದು ಫೋನು ಮಾಡಿ. ಬ್ಯಾಡಗಿಗೆ ನಾನೇ ಹೋಗಿ ಹೇಳಿ ಬರುತ್ತೇನೆ.