ಬೆಂತಾ?

ರೊಟ್ಟಿ ಹೆಂಚಿನ ಮೇಲೆ ಬೇಯುತ್ತದೆ, ತೊಟ್ಟು ನೀರಿಲ್ಲದೆ. ಇಡ್ಲಿ ಬರೀ ಹಬೆಯಲ್ಲಿ ಬೇಯುತ್ತದೆ. ಅವರೆಕಾಳು ಮುಳುಗುವಷ್ಟು ನೀರಿನಲ್ಲಿ ಬೇಯುತ್ತದೆ. ಕುಂಬಾರನ ಆವಿಗೆಯಲ್ಲಿ ಮಡಕೆ ಬೇಯುತ್ತದೆ. ಚೈತ್ರದ ಬಿಸಿಲಿಗೆ ಹೊಲದಲ್ಲಿ ನಿಂತವನು ಬೇಯುತ್ತಾನೆ, ಮಗನ ಸುದ್ದಿ ತಿಳಿಯದ ತಾಯಿ ಒಳಗೊಳಗೇ ಬೇಯುತ್ತಾಳೆ. ಇಷ್ಟನ್ನೂ ಒಂದೇ ಕ್ರಿಯಾಪದ ಹೊತ್ತಿದೆ. ನೀರು ಮಾತ್ರ ಬೇಯುವುದಿಲ್ಲ. ಅದು ಕಾಯುತ್ತದೆ, ಕುದಿಯುತ್ತದೆ. ಹಾಲೂ ಬೇಯುವುದಿಲ್ಲ, ಕಾದು ಉಕ್ಕುತ್ತದೆ. ಶಾಖ ತಗುಲಿ ಒಳಗಿನಿಂದ ಬದಲಾಗಿ, ಮತ್ತೆ ಹಸಿಯಾಗಲಾರದ ಸ್ಥಿತಿಗೆ ಬರುವುದನ್ನಷ್ಟೇ ನಮ್ಮವರು ಬೇಯುವುದು ಎಂದರು. ಕಾದ ನೀರು ಆರಿದರೆ ಮತ್ತೆ ನೀರೇ. ಬೆಂದ ಅಕ್ಕಿ ಆರಿದರೂ ಅನ್ನವೇ.

ಪದ ಹಳೆಯದು. ‘ಬೇ’ ಎಂಬ ಪುಟ್ಟ ಧಾತುವಿನಿಂದ ಬೇಗೆ ಬಂತು, ಬೇಸಿಗೆ ಬಂತು. ಬೇಯುವುದೂ ಕುದಿಯುವುದೂ ಒಟ್ಟಾಗಿ ಬೇಗುದಿ ಆಯಿತು. ನಮ್ಮ ಬೆಳ್ಳಿ ತಮಿಳಿನಲ್ಲಿ ವೆಳ್ಳಿ, ನಮ್ಮ ಬೇರು ಅಲ್ಲಿ ವೇರು. ಹಾಗೆಯೇ ನಮ್ಮಲ್ಲಿ ಬೆಂದದ್ದು ತಮಿಳು, ಮಲಯಾಳಗಳಲ್ಲಿ ‘ವೆಂದು’ ಹೋಗುತ್ತದೆ. ತೆಲುಗರ ಬೇಸಿಗೆ ‘ವೇಸವಿ’. ದಕ್ಷಿಣದ ಭಾಷೆಗಳು ಬೇರೆ ಬೇರೆ ಮನೆ ಹೂಡುವ ಮೊದಲೇ ಈ ಪದ ಒಲೆಯ ಮುಂದೆ ಕೂತಿತ್ತು ಎನ್ನಲು ಇಷ್ಟು ಸಾಕು.

ಈಗ ಇದನ್ನು ಎತ್ತಿಕೊಂಡದ್ದು ಒಂದು ವಿದ್ಯುತ್ ಪಾತ್ರೆಯ ನೆಪದಿಂದ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಷ್ಟೋ ಮನೆಗಳ ಮಕ್ಕಳು ಓದಿಗೆ, ನೌಕರಿಗೆ ಹೊರದೇಶಕ್ಕೆ ಹೋಗಿದ್ದಾರೆ. ಅಲ್ಲಿನ ಅಡುಗೆಮನೆಯಲ್ಲಿ ಅವರಿಗೆ ಸಿಕ್ಕಿದ ಸಾಧನಗಳಲ್ಲಿ ಸ್ಲೋ ಕುಕ್ಕರ್ ಒಂದು: ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಸುತ್ತ ಬಿಸಿಯಾಗುವ ತಂತಿ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕೋಳಿ ತುಂಡು, ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ, ದಪ್ಪಮೆಣಸಿನಕಾಯಿ, ಆಲಿವ್ ಕಾಯಿ, ಓರೆಗಾನೊ, ರೋಸ್‌ಮೇರಿ ಹಾಕಿ ಗುಂಡಿ ತಿರುಗಿಸಿದರೆ ಸಂಜೆಗೆ ಇಟಲಿ ಬಗೆಯ ಕೋಳಿ ಸಿದ್ಧ. ನೀರು ಹಾಕಬೇಕಾಗಿಲ್ಲ. ಕೋಳಿಯೂ ಟೊಮೇಟೊವೂ ಬಿಟ್ಟ ನೀರೇ ಸಾಕು. ಉಪ್ಪು, ಅರಿಶಿನ ಹಾಕಿ ಬಾಡಿಸಿ, ತಟ್ಟೆ ಮುಚ್ಚಿ, ‘ಅದರ ನೀರಲ್ಲೇ ಬೇಯ್ಲಿ ಬಿಡು’ ಎನ್ನುವ ನಮ್ಮ ಕಡೆಯ ಅಡುಗೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಅರಕಲಗೂಡು ಕಡೆಯ ಒಬ್ಬ ತಾಯಿ ವಿಡಿಯೊ ಕರೆಯಲ್ಲಿ ಅಮೆರಿಕದ ಮಗಳ ಜೊತೆ ಆಡುತ್ತಿದ್ದ ಮಾತು ಒಮ್ಮೆ ಕಿವಿಗೆ ಬಿತ್ತು.

“ಕೋಳಿ ಬೆಂತೇನವ್ವಾ?”

“ಇನ್ನೂ ನಾಲ್ಕು ಗಂಟೆ ಐತೆ ಕಣಮ್ಮ.”

“ಗಂಟೆ ಕೇಳ್ಳಿಲ್ಲ ಕಣವ್ವ ನಾನು. ಬೆಂತಾ ಅಂದೆ.”

ಆ ತಾಯಿ ಕೇಳಿದ್ದು ಕೋಳಿಯ ವಿಷಯ, ಮಗಳು ಹೇಳಿದ್ದು ಗಡಿಯಾರದ ವಿಷಯ. ಎರಡಕ್ಕೂ ಇರುವ ದೂರ ಸಣ್ಣದಲ್ಲ. ಕನ್ನಡದಲ್ಲಿ ಬೇಯುವುದು ಪದಾರ್ಥದ ಕೆಲಸ. ಅಡುಗೆಯವರು ಮಾಡುವುದು ‘ಬೇಯೋಕೆ ಇಡುವುದು’. ‘ಕಾಳು ಬೇಯೋಕಿಟ್ಟಿದೀನಿ’ ಎನ್ನುವ ಹೆಂಗಸು ತನ್ನ ಕೆಲಸ ಎಲ್ಲಿ ಮುಗಿಯಿತು, ಕಾಳಿನ ಕೆಲಸ ಎಲ್ಲಿ ಶುರುವಾಯಿತು ಎಂಬುದನ್ನು ಕರಾರುವಾಕ್ಕಾಗಿ ಹೇಳಿರುತ್ತಾಳೆ. ಆಮೇಲೆ ಅವಳದೇನಿದ್ದರೂ ಉರಿ ನೋಡಿಕೊಳ್ಳುವುದು, ಆಗಾಗ ಬಂದು ವಿಚಾರಿಸುವುದು. ಅನ್ನಕ್ಕೆ ಒಂದು ಅಗುಳು ಹಿಸುಕಿ ನೋಡುತ್ತಾಳೆ. ಮುದ್ದೆಗೆ, ನಮ್ಮ ಕಡೆಯವರ ಬಾಯಲ್ಲಿ ‘ಹಿಟ್ಟಿ’ಗೆ, ಒದ್ದೆ ಬೆರಳು ತಾಕಿಸಿ ನೋಡುತ್ತಾಳೆ, ಅಂಟದಿದ್ದರೆ ಬೆಂದಿದೆ, ಅಂಟಿದರೆ ಹಸಿ. ಕೋಳಿಗೆ ಕಾಲಿನ ತುಂಡು ಎತ್ತಿ, ಮೂಳೆಯ ತುದಿಯಿಂದ ಬಾಡು ಹಿಂದೆ ಸರಿದಿದೆಯೇ ಎಂದು ನೋಡುತ್ತಾಳೆ. ಶ್ರವಣಬೆಳಗೊಳದ ಸಸ್ಯಾಹಾರದ ಅಡುಗೆಮನೆಯಲ್ಲೂ, ಹೊಸತೊಡಕಿನ ದಿನ ಬಾಡೂಟದ ಒಲೆಯ ಮುಂದೆಯೂ ಕೇಳುವ ಪ್ರಶ್ನೆ ಒಂದೇ: ಬೆಂತಾ?

ಈ ಪ್ರಶ್ನೆಯನ್ನು ಮೊದಲು ಬದಲಿಸಿದ್ದು ಪ್ರೆಷರ್ ಕುಕ್ಕರ್. ಅದು ಬಂದ ಮೇಲೆ ‘ಬೆಂತಾ’ ಎನ್ನುವ ಕಡೆ ‘ಎಷ್ಟು ಕೂಗಾಯ್ತು’ ಬಂತು. ಮುಚ್ಚಳ ಬಿಗಿದ ಮೇಲೆ ಹಿಸುಕಿ ನೋಡುವಂತಿಲ್ಲ, ಆದ್ದರಿಂದ ಎಣಿಕೆ ಅನಿವಾರ್ಯ. ನಾನು ಕುಕ್ಕರನ್ನು ದೂರುತ್ತಿಲ್ಲ. ಒಳಗಿನ ಒತ್ತಡದಿಂದ ಶಾಖ 120 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಏರಿ, ಗಂಟೆಯ ಕೆಲಸ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಸೌದೆ ಹೊತ್ತು, ಹೊಗೆ ಕುಡಿದು ಕಣ್ಣು ಕೆಂಪಗೆ ಮಾಡಿಕೊಂಡ ಹೆಂಗಸರಿಗೆ ಅದು ದೊಡ್ಡ ಬಿಡುಗಡೆ. ಆದರೆ ಬೇಯುವುದರ ತೀರ್ಪು ಬೆರಳಿನಿಂದ ಕಿವಿಗೆ ಹೋಯಿತು. ಸ್ಲೋ ಕುಕ್ಕರ್ ಅದನ್ನು ಕಿವಿಯಿಂದಲೂ ಬಿಡಿಸಿ ಗಡಿಯಾರಕ್ಕೆ ಕೊಟ್ಟಿತು.

ಆ ಯಂತ್ರ ಹುಟ್ಟಿದ ಕತೆ ಮಾತ್ರ ನಮಗೆ ಪರಕೀಯವಲ್ಲ. ಲಿಥುವೇನಿಯಾದ ಯಹೂದಿ ಊರುಗಳಲ್ಲಿ ಸಬ್ಬತ್ ದಿನ, ಎಂದರೆ ವಾರದ ವಿಶ್ರಾಂತಿಯ ದಿನ, ಬೆಂಕಿ ಹೊತ್ತಿಸುವಂತಿರಲಿಲ್ಲ. ಹಾಗಾಗಿ ಶುಕ್ರವಾರ ಸಂಜೆಯೇ ಕಾಳು, ಗಡ್ಡೆ, ಮಾಂಸದ ಮಡಕೆಯನ್ನು ಬ್ರೆಡ್ ಸುಡುವವರ ಒಲೆಯಲ್ಲಿಟ್ಟು ಬರುತ್ತಿದ್ದರು. ರಾತ್ರಿಯಿಡೀ ಆರುತ್ತ ಹೋಗುವ ಒಲೆಯ ಕಾವಿಗೆ ಅದು ಬೆಂದು, ಮರುದಿನ ಮಧ್ಯಾಹ್ನದ ಊಟಕ್ಕೆ ಬರುತ್ತಿತ್ತು. ಚೋಲೆಂಟ್ ಎಂಬ ಆ ಅಡುಗೆಯ ವಿಷಯವನ್ನು ಅಮ್ಮನ ಬಾಯಿಂದ ಕೇಳಿದ್ದ ಇರ್ವಿಂಗ್ ನ್ಯಾಕ್ಸನ್ ಎಂಬಾತ ಅಮೆರಿಕದಲ್ಲಿ ವಿದ್ಯುತ್ತಿನಿಂದ ಹಾಗೆ ಬೇಯಿಸುವ ಪಾತ್ರೆ ಮಾಡಿ 1940ರಲ್ಲಿ ಪೇಟೆಂಟ್ ಪಡೆದ. 1971ರಲ್ಲಿ ‘ಕ್ರಾಕ್-ಪಾಟ್’ ಎಂಬ ಹೆಸರಿನಲ್ಲಿ ಅದು ಮನೆಮನೆಗೆ ಹೋಯಿತು.

ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಕೋಡೊಲೆ. ಮಣ್ಣಿನ ದೊಡ್ಡ ಒಲೆಗೆ ಅಂಟಿಕೊಂಡೇ ಇರುವ ಚಿಕ್ಕ ಒಲೆ ಅದು. ಅದಕ್ಕೆ ಬೇರೆ ಸೌದೆ ಇಲ್ಲ, ಬೇರೆ ಬಾಯಿಯೂ ಇಲ್ಲ. ದೊಡ್ಡ ಒಲೆಯಲ್ಲಿ ಮುದ್ದೆಯ ಎಸರು ಕೊತಕೊತ ಕುದಿಯುವಾಗ ಒಳಗಿನ ಕಿಂಡಿಯಿಂದ ದಾಟಿ ಬರುವ ಕಾವಿನಲ್ಲಿ ಕೋಡೊಲೆಯ ಮೇಲಿನ ಮಡಕೆ ತನ್ನ ಪಾಡಿಗೆ ತಾನು ಬೇಯುತ್ತಿರುತ್ತದೆ. ಹುರುಳಿಕಾಳು, ಕೋಳಿಸಾರು, ಬಾಣಂತಿಗೆ ಬಿಸಿನೀರು, ಎಲ್ಲ ಅಲ್ಲಿಯೇ. ಹೊಲದಿಂದ ಬರುವವರ ಹೊತ್ತು ಗೊತ್ತಿಲ್ಲದ ಮನೆಯಲ್ಲಿ ಸಾರು ಆರದಂತೆ, ತಳ ಹಿಡಿಯದಂತೆ ಕಾಯ್ದದ್ದು ಅದೇ. ಗ್ಯಾಸ್ ಬಂದ ಮೇಲೆ ಒಲೆ ಹೋಯಿತು, ಒಲೆಯ ಜೊತೆ ಕೋಡೊಲೆಯೂ ಹೋಯಿತು, ಆ ಪದ ಕೇಳಿದರೆ ಹೊಸ ಮಕ್ಕಳು ಮುಖ ನೋಡುತ್ತಾರೆ. ಸ್ಲೋ ಕುಕ್ಕರಿಗೆ ಕನ್ನಡ ಹೆಸರು ಬೇಕೆನ್ನುವವರು ‘ನಿಧಾನ ಬೇಯುಕ’ ಎಂದೆಲ್ಲ ಕಟ್ಟುವುದಕ್ಕಿಂತ ಕರೆಂಟಿನ ಕೋಡೊಲೆ ಎನ್ನಬಹುದು. ನನಗಂತೂ ಅದೇ ಸರಿ ಎನಿಸುತ್ತದೆ.

ಈ ಕಾವಿಗೆ ತಕ್ಕ ಕೋಳಿ ಯಾವುದು? ಅಂಗಡಿಯ ಬ್ರಾಯ್ಲರ್ ಸುಮಾರು 40 ದಿನದ ಮರಿ. ಓಡಾಡಿಲ್ಲ, ಕೆದಕಿಲ್ಲ, ಸ್ನಾಯು ಸುತ್ತುವ ನಾರು ಬಲಿತೇ ಇರುವುದಿಲ್ಲ. ಸ್ಲೋ ಕುಕ್ಕರಿನಲ್ಲಿ ಎಂಟು ಗಂಟೆ ಬಿಟ್ಟರೆ ಎದೆಯ ಭಾಗ ಒಣಗಿ ಎಳೆಎಳೆಯಾಗುತ್ತದೆ. ನಾಟಿ ಕೋಳಿಯ ಮಾತೇ ಬೇರೆ. ತಿಪ್ಪೆ ಕೆದಕಿ, ಬೇಲಿ ಹಾರಿ, ಅಟ್ಟ ಏರಿ ಬೆಳೆದದ್ದು. ಅದರ ಕಾಲು, ತೊಡೆಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಣೆದುಕೊಂಡಿರುತ್ತದೆ. ಜೋರು ಉರಿಗೆ ಅದು ಮುದುರಿ ರಬ್ಬರಾಗುತ್ತದೆ. ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಇದ್ದರೆ ಕರಗಿ ಜೆಲಾಟಿನ್ ಆಗಿ ಸಾರಿಗೆ ಮೈ ಕೊಡುತ್ತದೆ. ಬೆರಳಿಗೆ ಅಂಟುವ ಸಾರು ಎಂದು ನಾವು ಹೊಗಳುವುದು ಇದನ್ನೇ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯ ಕೋಳಿಯೂ ಹಿತ್ತಲಲ್ಲಿ ಬೆಳೆದಿದ್ದರೆ ಈ ಕಾವಿಗೆ ಒಗ್ಗುತ್ತದೆ. ಇಟಲಿಯ ಅಡುಗೆಗೆ ಸ್ಲೋ ಕುಕ್ಕರ್ ಹೂಡುವವರು ಊರಿಗೆ ಬಂದಾಗ ಅದರಲ್ಲಿ ಒಮ್ಮೆ ನಾಟಿ ಹುಂಜ ಇಟ್ಟು ನೋಡಬೇಕು. ಒಂದು ಎಚ್ಚರ ಇದ್ದರೆ ಸಾಕು: ಮೊದಲು ಬಾಣಲೆಯಲ್ಲಿ ಈರುಳ್ಳಿ, ಕೋಳಿ ಎರಡನ್ನೂ ಕೆಂಪಗೆ ಬಾಡಿಸಿಕೊಳ್ಳಬೇಕು. ಈ ಪಾತ್ರೆ ಬೇಯಿಸಬಲ್ಲದು, ಹುರಿಯಲಾರದು. ಹುರಿದ ವಾಸನೆ ಬರುವ ಶಾಖಕ್ಕೆ ಅದು ಏರುವುದೇ ಇಲ್ಲ.

ಬೇಯುವುದಕ್ಕೂ ಕುದಿಯುವುದಕ್ಕೂ ಇರುವ ಭೇದ ಬರೀ ನಿಘಂಟಿನದಲ್ಲ. ಅವರೆಕಾಳು ಸಿಗದ ಊರಿನಲ್ಲಿ ನಮ್ಮವರು ಕೆಂಪು ರಾಜ್ಮಾ ಹಾಕುತ್ತಾರೆ. ಹಸಿ ರಾಜ್ಮಾದಲ್ಲಿರುವ ಒಂದು ಲೆಕ್ಟಿನ್ ಹೊಟ್ಟೆ ಕೆಡಿಸಿ ವಾಂತಿ ತರಿಸುತ್ತದೆ. ಸಣ್ಣ ಕಾವಿನಲ್ಲಿ ಕಾಳು ಮೆತ್ತಗೆ ಬೆಂದರೂ ಅದು ಸಾಯದಿರಬಹುದು. ನೆನೆಸಿದ ಕಾಳನ್ನು ಬೇರೆ ಪಾತ್ರೆಯಲ್ಲಿ 10 ನಿಮಿಷ ಚೆನ್ನಾಗಿ ಕುದಿಸಿಯೇ ಸ್ಲೋ ಕುಕ್ಕರಿಗೆ ಹಾಕಬೇಕು. ಮೊದಲು ಕುದಿ, ಆಮೇಲೆ ಬೇಯಲಿ.

ಅರಕಲಗೂಡು ತಾಲ್ಲೂಕಿನಲ್ಲಿ ಈ ಪದಕ್ಕೆ ಅಡುಗೆಮನೆಯ ಆಚೆಗೂ ಒಂದು ಬದುಕಿದೆ. ರಾಮನಾಥಪುರ, ಕೊಣನೂರು ಸುತ್ತ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವವರು ಕಿತ್ತ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲಾಗಿ ತೂಗಿಹಾಕುತ್ತಾರೆ. ಹೊರಗೆ ಉರಿ, ಒಳಗೆ ಕೊಳವೆಯಲ್ಲಿ ಹರಿಯುವ ಬಿಸಿ. ಮೊದಲು ಎಲೆ ಹಳದಿಗೆ ತಿರುಗುವಷ್ಟೇ ಕಾವು, ಆಮೇಲೆ ಹೆಚ್ಚಿಸುತ್ತ ಹೋಗಿ ಕೊನೆಗೆ ದಂಟು ಒಣಗುವಷ್ಟು. ಐದಾರು ದಿನ ಹಗಲು ರಾತ್ರಿ ನಿದ್ದೆಗೆಟ್ಟು ಉರಿ ಕಾಯಬೇಕು. ಇದಕ್ಕೂ ‘ಸೊಪ್ಪು ಬೇಯಿಸೋದು’ ಎನ್ನುತ್ತಾರೆ. ಅಲ್ಲಿ ನೀರಿಲ್ಲ, ತಿನ್ನುವ ಮಾತಿಲ್ಲ. ಎಲೆ ಒಳಗಿನಿಂದ ಬೇರೆಯಾಗುವುದಿದೆ, ಅದಕ್ಕೇ ಆ ಕ್ರಿಯಾಪದ. ಒಂದು ದಿನ ಉರಿ ತಪ್ಪಿದರೆ ವರ್ಷದ ದುಡಿಮೆ ಕಪ್ಪಾಗುತ್ತದೆ, ಬೆಳೆದವರು ಬೇಯುತ್ತಾರೆ.

ಇಟಲಿಯ ಕಡೆಗೆ ಮತ್ತೆ ಬರೋಣ. ಕೋಳಿಯ ಈ ಅಡುಗೆಗೆ ಅಲ್ಲಿನ ಹೆಸರು ‘ಅಲ್ಲಾ ಕಚ್ಚಿಯಾತೋರ’, ಎಂದರೆ ಬೇಟೆಗಾರರ ಬಗೆ. ಉತ್ತರ ಇಟಲಿಯಲ್ಲಿ ಅದಕ್ಕೆ ಜೊತೆ ಪೊಲೆಂಟ: ಕುದಿಯುವ ನೀರಿಗೆ ಮುಸುಕಿನ ಜೋಳದ ರವೆ ಸುರಿದು, ಮರದ ಕೋಲಿನಿಂದ ತಿರುವುತ್ತ ಮುಕ್ಕಾಲು ಗಂಟೆ ಬೇಯಿಸಿದ ಗಟ್ಟಿ ಹಿಟ್ಟು. ಮುಸುಕಿನ ಜೋಳ ಅಮೆರಿಕದಿಂದ ಬರುವ ಮೊದಲು ಅದನ್ನು ಸಿರಿಧಾನ್ಯಗಳಲ್ಲಿ ಮಾಡುತ್ತಿದ್ದರು. ಕೋಳಿಗೆ ಹಿಟ್ಟು ಜೋಡಿ ಎಂಬುದನ್ನು ಹೊಳೆನರಸೀಪುರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೇಪಲ್ಸ್ ಊರಿನವರು ಮಾಂಸದ ಗೊಜ್ಜು ಸಣ್ಣ ಉರಿಯಲ್ಲಿ ಒಂದೊಂದೇ ಗುಳ್ಳೆ ಬಿಡುವ ಸದ್ದಿಗೆ ‘ಪಿಪ್ಪಿಯಾರೆ’ ಎಂಬ ಕ್ರಿಯಾಪದವನ್ನೇ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಕೊತಕೊತ, ತಕತಕ, ಗುಳುಗುಳು ಇವೆ. ಕೇಳಿ ಹೇಳುವವರು ಕಡಿಮೆಯಾಗುತ್ತಿದ್ದಾರೆ.

ಬೇಟೆಯ ಮಾತು ಬಂದಾಗ ನಮ್ಮದೇ ಒಂದು ಕತೆ ನೆನಪಾಗದೆ ಇರದು. ಹೊಯ್ಸಳರ ಬಲ್ಲಾಳ ಬೇಟೆಗೆ ಹೋಗಿ ದಾರಿ ತಪ್ಪಿ, ಹಸಿದು, ಒಬ್ಬ ಅಜ್ಜಿಯ ಗುಡಿಸಲಿಗೆ ಬಂದ. ಅವಳು ಬೆಂದ ಕಾಳು ಕೊಟ್ಟಳು. ಆ ಊರು ಬೆಂದಕಾಳೂರಾಗಿ ಬೆಂಗಳೂರಾಯಿತು ಎಂಬುದು ಆ ಕತೆ. ಇತಿಹಾಸ ಇದಕ್ಕೆ ಒಪ್ಪುವುದಿಲ್ಲ. ಇಮ್ಮಡಿ ವೀರಬಲ್ಲಾಳ ದೋರಸಮುದ್ರದಲ್ಲಿ, ಇಂದಿನ ಹಳೇಬೀಡಿನಲ್ಲಿ, ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಆಗಲೇ ಇದೆ. ಆದರೂ ಜನ ಕತೆಯನ್ನು ಬಿಟ್ಟಿಲ್ಲ. ಹಾಸನದ ಕಡೆಯ ದೊರೆಗೆ ಅಜ್ಜಿ ಕೊಟ್ಟದ್ದು ಹಾಲಲ್ಲ, ಹಣ್ಣಲ್ಲ, ಬೆಂದದ್ದು. ಬಂದವರಿಗೆ ಬೆಂದದ್ದನ್ನು ಕೊಡುವುದೇ ಮರ್ಯಾದೆ ಎಂಬ ತಿಳಿವಳಿಕೆ ಆ ಕತೆಯೊಳಗೆ ಉಳಿದಿದೆ.

ಮನುಷ್ಯರ ಬಗ್ಗೆಯೂ ಈ ಪದ ಖಡಾಖಂಡಿತ. ಚುನಾವಣೆ ಹತ್ತಿರ ಬಂದಾಗ ಹಳ್ಳಿಯ ಕಟ್ಟೆಯ ಮೇಲೆ ‘ಅವರವರ ಬೇಳೆ ಬೇಯಿಸ್ಕೊಳ್ತಾವ್ರೆ’ ಎನ್ನುತ್ತಾರೆ. ಸೋತವನಿಗೆ ‘ಅವನ ಬೇಳೆ ಬೇಯ್ಲಿಲ್ಲ’ ಎನ್ನುತ್ತಾರೆ. ಸರಿಯಾಗಿ ತಿಳಿಯದೆ ಆಡಿದ್ದು ಅರೆಬೆಂದ ಮಾತು. ಕಷ್ಟ ಕಂಡವರು ನೊಂದು ಬೆಂದವರು. ‘ಬೆಂದರೆ ಬೇಂದ್ರೆ’ ಎಂದು ಕನ್ನಡಿಗರು ಒಬ್ಬ ಕವಿಯ ಹೆಸರಿನಲ್ಲೇ ಈ ಕ್ರಿಯಾಪದವನ್ನು ಕಂಡರು. ಬೇಂದ್ರೆ ಎಂಬ ಮನೆತನದ ಹೆಸರಿಗೂ ಇದಕ್ಕೂ ನಂಟಿಲ್ಲದಿದ್ದರೂ ಆ ಬದುಕಿಗೂ ಬರಹಕ್ಕೂ ಅದು ಒಪ್ಪಿದ್ದರಿಂದ ಮಾತು ನಿಂತಿತು.

ಈಗ ನಗರದ ಮನೆಗಳಲ್ಲಿ, ಹೊರದೇಶದ ಮನೆಗಳಲ್ಲಿ ‘ಚಿಕನ್ ಕುಕ್ ಆಯ್ತಾ’ ಎನ್ನುತ್ತಾರೆ. ಎರವಲು ಪದಗಳಿಗೆ ನಾನು ವಿರೋಧಿಯಲ್ಲ. ಕುಕ್ಕರ್, ಗ್ಯಾಸ್, ಟೊಮೇಟೊ ಇಲ್ಲದೆ ಈ ಲೇಖನವನ್ನೇ ಬರೆಯಲಾಗುತ್ತಿರಲಿಲ್ಲ. ಆದರೆ ಹುರಿಯುವುದು, ಬಾಡಿಸುವುದು, ಕಾಯಿಸುವುದು, ಕುದಿಸುವುದು, ಬೇಯಿಸುವುದು ಇವಿಷ್ಟೂ ಬೇರೆ ಬೇರೆ ಶಾಖಗಳು, ಬೇರೆ ಬೇರೆ ಕೈಕೆಲಸಗಳು. ಎಲ್ಲವನ್ನೂ ‘ಕುಕ್ ಮಾಡು’ ಎಂದರೆ ಮಗುವಿಗೆ ಪದದ ಜೊತೆ ಕೆಲಸವೂ ತಪ್ಪಿಹೋಗುತ್ತದೆ. ಸ್ಲೋ ಕುಕ್ಕರ್ ಇಟ್ಟುಕೊಂಡವರು ಇಟ್ಟುಕೊಳ್ಳಿ, ಇಟಲಿಯ ಕೋಳಿಯನ್ನೂ ಮಾಡಿ. ಗಡಿಯಾರ ಹೇಳಿದ ಹೊತ್ತು ಮುಗಿದ ಮೇಲೆ ಮಗುವನ್ನು ಹತ್ತಿರ ಕರೆದು, ಒಂದು ತುಂಡು ತಟ್ಟೆಗೆ ಹಾಕಿ, ಮೂಳೆ ಬಿಟ್ಟಿದೆಯೇ ಎಂದು ಅದರ ಕೈಯಲ್ಲೇ ನೋಡಿಸಿ, ಕನ್ನಡದಲ್ಲೇ ಕೇಳಿ: ಬೆಂತಾ?