ಕಬ್ಬಿನ ಬಿಲ್ಲು, ಹೂಡಿಕೆಯ ಹೊಣೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರ ಜೂನ್‌ನಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಮಳವಳ್ಳಿಗಲ್ಲ, ಮಂಡ್ಯಕ್ಕೂ ಅಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಗಣಿಗಳ ಆಡಳಿತ ಲಂಡನ್ನಿನ ಜಾನ್ ಟೇಲರ್ ಕಂಪನಿಯ ಕೈಯಲ್ಲಿತ್ತು. ವಿದ್ಯುತ್ ಕೊಳ್ಳುವವರು ಯಾರೆಂಬುದು ಮೊದಲೇ ಖಾತ್ರಿಯಾಗಿದ್ದರಿಂದ ಮೈಸೂರು ಸಂಸ್ಥಾನ ಬೊಕ್ಕಸದ ಹಣ ಹಾಕುವ ಧೈರ್ಯ ಮಾಡಿತು. ಯೋಜನೆಗೆ ಬೆನ್ನೆಲುಬಾಗಿ ನಿಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದು ಶುರುವಾಗುವ ಮೊದಲೇ, 1901ರಲ್ಲಿ ತೀರಿಕೊಂಡರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದೇ ವಿದ್ಯುತ್ತಿನಿಂದ ಬೆಳಕು ಬಂತು. ಕೊಳ್ಳುತ್ತಿದ್ದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿಹೋದವು. ಶಿವನಸಮುದ್ರದ ವಿದ್ಯುತ್ ಕೇಂದ್ರ ಮಾತ್ರ ಇಂದಿಗೂ ಉಳಿದಿದೆ.

ದೀರ್ಘಾವಧಿ ಹೂಡಿಕೆಗೆ ಮಂಡ್ಯ ಜಿಲ್ಲೆಯ ಹಳೆಯ, ದೊಡ್ಡ ಉದಾಹರಣೆ ಇದು. ಲಾಭ ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬ ಪ್ರಶ್ನೆ ಹುಟ್ಟಿದ್ದೂ ಅಲ್ಲೇ.

1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿಯುವ ಹೊತ್ತಿಗೆ ಎರಡು ದಶಕ ಕಳೆದಿತ್ತು. ಮದರಾಸಿನೊಂದಿಗಿನ ನೀರಿನ ತಕರಾರಿಗೆ 1924ರ ಒಪ್ಪಂದ ಒಂದು ರೂಪ ಕೊಟ್ಟಿತು. ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿದು ಬಂದಾಗ ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ನೀರು ಸಿಕ್ಕಿತು. ಆದರೆ ಅದೇ ಹೊತ್ತಿಗೆ ಜಗತ್ತು ಕುಸಿದು ಕೂತಿತ್ತು. 1929ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಕೃಷಿ ಉತ್ಪನ್ನಗಳ ಬೆಲೆ ನೆಲಕಚ್ಚಿತ್ತು, ಜಾವಾದ ಅಗ್ಗದ ಸಕ್ಕರೆ ಭಾರತದ ಬಂದರುಗಳಿಗೆ ಬಂದು ಬೀಳುತ್ತಿತ್ತು. 1932ರಲ್ಲಿ ಭಾರತ ಸರ್ಕಾರ ಸಕ್ಕರೆ ಉದ್ಯಮ ರಕ್ಷಣೆಗೆ ಕಾಯ್ದೆ ತಂದು ಆಮದಿಗೆ ಸುಂಕದ ಗೋಡೆ ಕಟ್ಟಿತು. ಮೂವತ್ತರ ಆಸುಪಾಸಿನಲ್ಲಿದ್ದ ದೇಶದ ಸಕ್ಕರೆ ಕಾರ್ಖಾನೆಗಳ ಸಂಖ್ಯೆ ನಾಲ್ಕೈದು ವರ್ಷಗಳಲ್ಲಿ 130 ದಾಟಿತು. ಅವುಗಳಲ್ಲೊಂದು ಮಂಡ್ಯದ್ದು.

1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿಯನ್ನು ಮಂಡ್ಯದವರು ಇಂದಿಗೂ ‘ಮೈಷುಗರ್’ ಎಂದೇ ಕರೆಯುತ್ತಾರೆ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ ಅದರ ಹಿಂದಿನ ಶಕ್ತಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅದಕ್ಕೆ ಒತ್ತಾಸೆಯಾದರು. ಸರ್ಕಾರದ ಜೊತೆಗೆ ಸಾವಿರಾರು ರೈತರೂ ಅದರಲ್ಲಿ ಷೇರುದಾರರು. ಕಬ್ಬು ಬೆಳೆಯುವವನೇ ಕಾರ್ಖಾನೆಯ ಪಾಲುದಾರ ಎಂಬ ಈ ಏರ್ಪಾಡು ಕಾಗದದ ಮೇಲಿನ ಆದರ್ಶವಾಗಿ ಉಳಿಯಲಿಲ್ಲ. ಸುತ್ತಲಿನ ಹಳ್ಳಿಗಳ ಮದುವೆ, ಮನೆ, ಮಕ್ಕಳ ಓದು ಎಲ್ಲವೂ ಕಾರ್ಖಾನೆಯ ಬಟವಾಡೆಯ ಮೇಲೆ ನಿಂತವು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಹೂಡಿಕೆಗೂ ಹೊಣೆ ಇರಬೇಕೆಂಬ ವಿಚಾರ ಹೊರಗಿನ ಜಗತ್ತಿನಲ್ಲಿ ಬೇರೆ ದಾರಿಯಿಂದ ಬಂತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1971ರಲ್ಲಿ, ಶಸ್ತ್ರಾಸ್ತ್ರ ಕಂಪನಿಗಳಿಗೆ ದುಡ್ಡು ಹಾಕಲೊಲ್ಲದ ಅಮೆರಿಕನ್ನರಿಗಾಗಿ ಪ್ಯಾಕ್ಸ್ ವರ್ಲ್ಡ್ ಎಂಬ ನಿಧಿ ಹುಟ್ಟಿತು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ 1977ರಲ್ಲಿ ಪಾದ್ರಿ ಲಿಯಾನ್ ಸಲಿವನ್ ಕಂಪನಿಗಳಿಗೆ ನಡವಳಿಕೆಯ ನಿಯಮ ರೂಪಿಸಿದರು. 2006ರಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಹೊಣೆಯರಿತ ಹೂಡಿಕೆಯ ತತ್ವಗಳನ್ನು ಬಿಡುಗಡೆ ಮಾಡಿದ ಮೇಲೆ ಪಿಂಚಣಿ ನಿಧಿಗಳಂಥ ದೊಡ್ಡ ಹೂಡಿಕೆದಾರರು ಇದರೊಳಗೆ ಬಂದರು. ಪರಿಸರ, ಸಮಾಜ, ಆಡಳಿತ ಈ ಮೂರರ ಇಂಗ್ಲಿಷ್ ಮೊದಲಕ್ಷರ ಸೇರಿ ‘ಇಎಸ್‌ಜಿ’ ಬಳಕೆಗೆ ಬಂತು. ಈಚೆಗೆ ಅಮೆರಿಕದಲ್ಲಿ ಗಾಳಿ ತಿರುಗಿದೆ. ಬ್ಲ್ಯಾಕ್‌ರಾಕ್‌ನಂಥ ದೈತ್ಯ ಸಂಸ್ಥೆಯೇ 2025ರ ಜನವರಿಯಲ್ಲಿ ಹವಾಮಾನ ಒಕ್ಕೂಟವೊಂದರಿಂದ ಹೊರನಡೆಯಿತು.

ಮಂಡ್ಯದಲ್ಲಿ ಈ ಹೊಣೆಯನ್ನು ಹೇಳಿದ್ದು ಸರ್ಕಾರದ ಆದೇಶ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪಡೆದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು. ಹದಿನೈದನೆಯ ದಿನ ರೈತ ಬರೀ ಬೆಳೆಗಾರನಾಗಿ ಉಳಿಯುವುದಿಲ್ಲ. ಕಾರ್ಖಾನೆಗೆ ಸಾಲ ಕೊಟ್ಟವನಾಗುತ್ತಾನೆ. ಯಾರೂ ಅವನನ್ನು ಕೇಳಿಲ್ಲ, ಪತ್ರಕ್ಕೆ ಸಹಿ ಹಾಕಿಸಿಕೊಂಡಿಲ್ಲ, ಅವನಿಗೆ ಅಡಮಾನವಿಲ್ಲ. ಹನ್ನೆರಡು ತಿಂಗಳು ನೀರು, ಗೊಬ್ಬರ, ಕೂಲಿ ಸುರಿದು, ಕಟಾವಿನ ಪರ್ಮಿಟ್ಟಿಗೆ ಕಾದು, ಆಮೇಲೆ ಬಿಲ್ಲಿಗೂ ಕಾಯುವ ಆತನಿಗಿಂತ ದೀರ್ಘಾವಧಿ ಹೂಡಿಕೆದಾರ ಸಕ್ಕರೆ ಉದ್ಯಮದಲ್ಲಿ ಮತ್ತೊಬ್ಬನಿಲ್ಲ. ಇಎಸ್‌ಜಿ ಕುರಿತ ಚರ್ಚೆಗಳಲ್ಲಿ ಆತನಿಗೆ ಇನ್ನೂ ಜಾಗ ಸಿಕ್ಕಿಲ್ಲ ಎಂಬುದೇ ಈ ಕ್ಷೇತ್ರದ ದೊಡ್ಡ ಕೊರತೆ.

2015ರಲ್ಲಿ ಈ ಕೊರತೆಯ ಬೆಲೆ ಏನೆಂದು ನಾಡಿಗೆಲ್ಲ ಗೊತ್ತಾಯಿತು. ಬ್ರೆಜಿಲ್ ಕರೆನ್ಸಿಯ ಕುಸಿತ, ಜಗತ್ತಿನ ಗೋದಾಮುಗಳಲ್ಲಿ ತುಂಬಿದ್ದ ದಾಸ್ತಾನು ಸೇರಿ ಕಚ್ಚಾ ಸಕ್ಕರೆಯ ದರ ಆ ವರ್ಷದ ಆಗಸ್ಟ್ ವೇಳೆಗೆ ಏಳು ವರ್ಷಗಳ ತಳ ಮುಟ್ಟಿತು. ಭಾರತದಲ್ಲೇ 2014–15ರ ಹಂಗಾಮಿನಲ್ಲಿ 280 ಲಕ್ಷ ಟನ್ನಿಗೂ ಹೆಚ್ಚು ಸಕ್ಕರೆ ತಯಾರಾಗಿತ್ತು. ಕಾರ್ಖಾನೆಗಳು ಬಾಕಿ ಉಳಿಸಿಕೊಂಡವು. ಆ ಬೇಸಿಗೆ ಮುಗಿದು ಮಳೆಗಾಲ ಬರುವಾಗ ಮಂಡ್ಯ ಜಿಲ್ಲೆಯ ಹಳ್ಳಿಗಳಿಂದ ಒಂದರ ಹಿಂದೊಂದು ರೈತರ ಆತ್ಮಹತ್ಯೆಯ ಸುದ್ದಿ ಬಂತು. ಸಾವೋ ಪಾಲೋದ ವಿನಿಮಯ ದರಕ್ಕೂ ಇಲ್ಲಿನ ಕೈಸಾಲಕ್ಕೂ ನಡುವೆ ಇದ್ದದ್ದು ಪಾವತಿಯಾಗದ ಒಂದು ಬಿಲ್ಲು.

ಮಳವಳ್ಳಿ, ಮದ್ದೂರು ಕಡೆಯ ಹಿಪ್ಪುನೇರಳೆ ತೋಟದವರಿಗೆ ಇಂಥ ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. 2011ರ ಕೇಂದ್ರ ಬಜೆಟ್ಟು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು. ಚೀನಾದ ನೂಲು ಬಂತು, ಗೂಡಿನ ದರ ಬಿತ್ತು.

2015ರ ನಂತರ ಸರ್ಕಾರ ಹಿಡಿದ ದಾರಿ ಎಥನಾಲ್‌ನದು. 2018ರ ಜೈವಿಕ ಇಂಧನ ನೀತಿ ಕಬ್ಬಿನ ರಸದಿಂದಲೇ ಎಥನಾಲ್ ತಯಾರಿಸಲು ಬಾಗಿಲು ತೆರೆಯಿತು. ಪೆಟ್ರೋಲಿನಲ್ಲಿ ಶೇ 20ರ ಮಿಶ್ರಣವನ್ನು 2030ಕ್ಕೆ ಸಾಧಿಸುವ ಗುರಿ ಹಿಂದಕ್ಕೆ ಸರಿದು 2025ಕ್ಕೆ ಬಂತು, ಮುಟ್ಟಿಯೂ ಆಯಿತು. 2021–22ರಲ್ಲಿ ಸಕ್ಕರೆಯ ರಫ್ತು ಸುಮಾರು 110 ಲಕ್ಷ ಟನ್ನಿಗೇರಿತು. ಆಮೇಲೆ ರಫ್ತಿಗೆ ಕಡಿವಾಣ ಬಿತ್ತು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. ಆ ಡಿಸೆಂಬರಿನಲ್ಲಿ ಕಬ್ಬಿನ ರಸದ ಎಥನಾಲ್‌ಗೂ ತಡೆ ಬಂತು, ನಂತರ ಸಡಿಲವಾಯಿತು. ಆರು ತಿಂಗಳಿಗೊಮ್ಮೆ ಬದಲಾಗುವ ನೀತಿಯನ್ನು ನಂಬಿ ಹತ್ತು ವರ್ಷದ ಹೂಡಿಕೆ ಮಾಡುವುದು ಕಾರ್ಖಾನೆಗೂ ಕಷ್ಟ, ಕೂಳೆ ಬೆಳೆ ಬಿಟ್ಟ ರೈತನಿಗೂ ಕಷ್ಟ.

ಎಥನಾಲನ್ನು ಹಸಿರು ಇಂಧನವೆಂದು ಎಣಿಸಿ ಅಂಕ ಕೊಡುವವರು ನೀರಿನ ಲೆಕ್ಕವನ್ನೂ ಹಾಕಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿರುವ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರು ನೀರಿಗಾಗಿ ಮತ್ತೆ ಮತ್ತೆ ಹೆದ್ದಾರಿಗೆ ಇಳಿದಿದ್ದಾರೆ. ನಾಲೆಯ ಮೇಲ್ಭಾಗದಲ್ಲಿ ಕಬ್ಬು ಹೆಚ್ಚಿದಷ್ಟೂ ಕೊನೆಯ ಹೊಲಕ್ಕೆ ತಲುಪುವುದು ಕಡಿಮೆ.

ಮೈಷುಗರ್ ಈ ನಡುವೆ ನಿಂತು, ಓಡಿ, ಮತ್ತೆ ನಿಂತಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ನಿರಾಣಿ ಶುಗರ್ಸ್‌ಗೆ ಕೊಟ್ಟಾಯಿತು. ಮೈಷುಗರ್‌ಗೂ ಅದೇ ಗತಿ ಬರಬಾರದೆಂದು ರೈತ ಸಂಘಟನೆಗಳು ಹೋರಾಡಿದವು. 2022ರಲ್ಲಿ ಸರ್ಕಾರದ ಒಡೆತನದಲ್ಲೇ ಅದು ಮತ್ತೆ ಕಬ್ಬು ನುರಿಯಿತು, 2023ರಲ್ಲಿ ರಾಜ್ಯ ಸರ್ಕಾರ 50 ಕೋಟಿ ರೂಪಾಯಿ ಕೊಟ್ಟಿತು. ಕಾರ್ಖಾನೆಯನ್ನು ಉಳಿಸಿಕೊಳ್ಳಬೇಕೆಂಬ ಹಟ ನ್ಯಾಯವಾದದ್ದು. ಆದರೆ ವರ್ಷ ವರ್ಷ ಬಜೆಟ್ಟಿನ ನೆರವಿನ ಮೇಲೆ ನಡೆಯುವ ಕಂಪನಿಯಲ್ಲಿ ರೈತನ ಷೇರಿಗೆ ಮಾನವಿದ್ದರೂ ಬೆಲೆ ಬರುವುದಿಲ್ಲ.

ಷೇರುಪೇಟೆ ನಿಯಂತ್ರಕ ಸೆಬಿ 2022–23ರಿಂದ ದೇಶದ ಅತಿದೊಡ್ಡ 1000 ನೋಂದಾಯಿತ ಕಂಪನಿಗಳಿಗೆ ಸುಸ್ಥಿರತೆಯ ವರದಿ ಕಡ್ಡಾಯ ಮಾಡಿದೆ. 2023ರಲ್ಲಿ ಅದರ ತಿರುಳನ್ನು ಬೇರ್ಪಡಿಸಿ, ಹೊರಗಿನವರಿಂದ ಪರಿಶೀಲನೆಗೆ ಒಳಪಡಬೇಕಾದ ಅಂಶಗಳನ್ನು ಗುರುತಿಸಿತು. ಬಳಸಿದ ನೀರೆಷ್ಟು, ಸಣ್ಣ ಉತ್ಪಾದಕರಿಂದ ಕೊಂಡದ್ದೆಷ್ಟು, ಸರಕು ಕೊಟ್ಟವರಿಗೆ ಹಣ ಪಾವತಿಗೆ ಹಿಡಿದ ದಿನಗಳೆಷ್ಟು ಎಂಬ ಮೂರೂ ಅಲ್ಲಿವೆ. ಮಂಡ್ಯದ ರೈತ ಕೇಳುತ್ತ ಬಂದ ಪ್ರಶ್ನೆಗಳೇ ಇವು. ಆದರೆ ಮೈಷುಗರ್ ಆ ಪಟ್ಟಿಯಲ್ಲಿಲ್ಲ, ಪಾಂಡವಪುರದ ಕಾರ್ಖಾನೆಯೂ ಇಲ್ಲ. ಷೇರುಪೇಟೆಯ ಹೊರಗಿರುವ ಯಾವ ಕಾರ್ಖಾನೆಗೂ ಈ ನಿಯಮ ತಾಗುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಕಾನೂನಿಗೆ ಕಾಯಬೇಕಿಲ್ಲ. ಬಾಕಿಯ ಲೆಕ್ಕ ಕಬ್ಬು ಅಭಿವೃದ್ಧಿ ಆಯುಕ್ತರ ಕಚೇರಿಗೆ ಹೇಗೂ ಬರುತ್ತದೆ. ಪ್ರತಿ ಕಾರ್ಖಾನೆಯ ಪಾವತಿಯ ದಿನಗಳನ್ನು, ನೀರಿನ ಬಳಕೆಯನ್ನು ಹಂಗಾಮಿನಲ್ಲಿ ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ತಿಂಗಳು ತಿಂಗಳು ಮ್ಯೂಚುವಲ್ ಫಂಡ್ ನಿಧಿಗಳಿಗೆ ಎಸ್‌ಐಪಿ ಕಟ್ಟುತ್ತಿರುವ ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳು ತಮ್ಮ ನಿಧಿ ಯಾವ ಸಕ್ಕರೆ, ಎಥನಾಲ್, ಪಾನೀಯ ಕಂಪನಿಯ ಷೇರು ಹಿಡಿದಿದೆ ಎಂದು ನೋಡಲಿ, ಅವುಗಳ ವರದಿಯಲ್ಲಿ ಪಾವತಿಯ ದಿನಗಳ ಸಾಲನ್ನು ಹುಡುಕಲಿ. ಅಲ್ಲಿರುವ ಅಂಕಿ 14ಕ್ಕಿಂತ ಎಷ್ಟು ದೊಡ್ಡದು, ಏಕೆ ದೊಡ್ಡದು ಎಂದು ನಿಧಿ ನಡೆಸುವವರಿಗೆ ಪತ್ರ ಬರೆದು ಕೇಳಲಿ.