ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಹೋಗಿ ನೋಡಿ: ಇಬ್ನ್ ಖಲ್ದೂನ್ ಹೇಳಿಕೊಟ್ಟ ಇತಿಹಾಸದ ಪಾಠ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಈ ಗಾದೆ ಗೊತ್ತಿಲ್ಲದವರು ನಮ್ಮ ಹಳ್ಳಿಗಳಲ್ಲಿ ಇಲ್ಲ. ಈಗ ಆ ಎತ್ತು ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಈಯುತ್ತಿದೆ. ಆ ರಾಜನ ಸೈನ್ಯದಲ್ಲಿ ಹತ್ತು ಲಕ್ಷ ಜನ ಇದ್ದರಂತೆ, ಆ ಕಾಲದಲ್ಲಿ ಅವರು ನಮ್ಮವರಿಗೆ ಹೀಗೆ ಮಾಡಿದರಂತೆ. ಎಲ್ಲಾ 'ಅಂತೆ'ಗಳೇ. ಯಾರು ಕಂಡರು, ಯಾರು ಬರೆದಿಟ್ಟರು ಎಂದು ಕೇಳುವವರು ಕಡಿಮೆ. ಆದರೆ ಆ ಸಂದೇಶ ಓದಿದ ಮೇಲೆ ಪಕ್ಕದ ಹೊಲದವರ ಜೊತೆ ಮಾತು ಬಿಡುವವರು ಇದ್ದಾರೆ. ಹಳೆಯ ಕಾಲದ ಬಗ್ಗೆ ಮಾಡಿದ ಊಹೆ ಈಗಿನ ನೆರೆಹೊರೆಯನ್ನು ಕೆಡಿಸುತ್ತದೆ. ಆದ್ದರಿಂದಲೇ ಈ ವಿಷಯ ಬರೆಯುತ್ತಿದ್ದೇವೆ.

ಇಸ್ಲಾಮಿನಲ್ಲಿ ಈ ಬಗ್ಗೆ ಹಳೆಯ ಎಚ್ಚರಿಕೆ ಇದೆ. ಭೂಮಿಯ ಮೇಲೆ ಸಂಚರಿಸಿ, ಹಿಂದಿನವರ ಗತಿ ಏನಾಯಿತು ನೋಡಿ ಎಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಊಹೆಯು ಸತ್ಯದ ಜಾಗಕ್ಕೆ ಬರಲಾರದು ಎಂದೂ ಹೇಳುತ್ತದೆ. ನಂಬಿಕೆಗೆ ತಕ್ಕವನಲ್ಲದವನು ಸುದ್ದಿ ತಂದರೆ ವಿಚಾರಿಸಿ ನೋಡಿ, ಇಲ್ಲವಾದರೆ ತಿಳಿಯದೆ ಯಾರಿಗೋ ಅನ್ಯಾಯ ಮಾಡಿ ಆಮೇಲೆ ಮರುಗಬೇಕಾದೀತು ಎಂಬ ಅರ್ಥದ ಮಾತೂ ಅಲ್ಲಿದೆ. 18ನೇ ಅಧ್ಯಾಯದಲ್ಲಿ ಗುಹೆಯಲ್ಲಿ ಮಲಗಿದ್ದ ಯುವಕರ ಕಥೆ ಬರುತ್ತದೆ. ಅವರು ಮೂವರೋ, ಐವರೋ, ಏಳು ಜನರೋ ಎಂದು ಜನ ಜಗಳಾಡುತ್ತಾರೆ. ಆ ಲೆಕ್ಕದ ವಾದಕ್ಕೆ ಹೋಗಬೇಡ ಎಂಬುದು ಅಲ್ಲಿನ ಸೂಚನೆ. ಕಥೆಯಿಂದ ಕಲಿಯುವ ಪಾಠ ಮುಖ್ಯ, ತಲೆ ಎಣಿಕೆಯಲ್ಲ.

ಈ ಎಚ್ಚರಿಕೆಯನ್ನು ಇತಿಹಾಸ ಬರೆಯುವ ವಿಧಾನವಾಗಿಯೇ ಮಾಡಿದವರು ಇಬ್ನ್ ಖಲ್ದೂನ್. 1332ರಲ್ಲಿ ಉತ್ತರ ಆಫ್ರಿಕದ ಟ್ಯೂನಿಸ್‌ನಲ್ಲಿ ಹುಟ್ಟಿದರು. ಹದಿಹರೆಯದಲ್ಲಿದ್ದಾಗ ಊರಿಗೆ ಪ್ಲೇಗ್ ಬಂದು ತಂದೆ ತಾಯಿ ಇಬ್ಬರೂ ತೀರಿಕೊಂಡರು. ಮುಂದೆ ಹಲವು ಸುಲ್ತಾನರ ಬಳಿ ಕೆಲಸ ಮಾಡಿದರು, ಜೈಲನ್ನೂ ಕಂಡರು. ರಾಜಕೀಯ ಸಾಕಾಗಿ 1375ರಲ್ಲಿ ಇಂದಿನ ಅಲ್ಜೀರಿಯದ ಒಂದು ಕೋಟೆಗೆ ಹೋಗಿ ಸುಮಾರು ನಾಲ್ಕು ವರ್ಷ ಕುಳಿತು ಬರೆದರು. 1377ರಲ್ಲಿ ಮುಗಿದ ಮೊದಲ ಭಾಗವೇ 'ಮುಖದ್ದಿಮಾ', ಅಂದರೆ ಪೀಠಿಕೆ.

ಇಡೀ ಗ್ರಂಥಕ್ಕೆ ಅವರು ಇಟ್ಟ ಹೆಸರು 'ಕಿತಾಬ್ ಅಲ್-ಇಬರ್', ಪಾಠಗಳ ಪುಸ್ತಕ. ನಮ್ಮ ಕಡೆ ಉರ್ದು ಮಾತಾಡುವವರು 'ಇಬ್ರತ್' ಅನ್ನುತ್ತಾರಲ್ಲ, ಅದೇ ಪದ. ಅದರ ಅರಬ್ಬಿ ಮೂಲಕ್ಕೆ 'ದಾಟುವುದು' ಎಂಬ ಅರ್ಥವಿದೆ. ಹೊಳೆಯ ಈ ದಡದಿಂದ ಆ ದಡಕ್ಕೆ ಹೋದ ಹಾಗೆ, ನಡೆದ ಘಟನೆಯಿಂದ ಅದರ ತಿಳಿವಳಿಕೆಗೆ ದಾಟಬೇಕು.

ದಾಟುವ ಮೊದಲು ದೋಣಿ ತೂತಾಗಿದೆಯೇ ನೋಡಬೇಕು. ಹದೀಸ್ ಪಂಡಿತರು ಶತಮಾನಗಳಿಂದ 'ಇದನ್ನು ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು' ಎಂದು ಸರಪಳಿ ಹಿಡಿದು ಪರೀಕ್ಷಿಸುತ್ತಿದ್ದರು. ಇಬ್ನ್ ಖಲ್ದೂನ್ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇಟ್ಟರು: ಇದು ನಡೆಯಲು ಸಾಧ್ಯವಿತ್ತೇ?

ಅವರೇ ಕೊಟ್ಟ ಉದಾಹರಣೆ ನೋಡಿ. ಬೈಬಲಿನಲ್ಲಿ ಮೋಶೆ ಎಂದು ಕರೆಯುವ ಮೂಸಾ ಪ್ರವಾದಿಯವರ ಸೈನ್ಯದಲ್ಲಿ 6 ಲಕ್ಷಕ್ಕೂ ಹೆಚ್ಚು ಜನರಿದ್ದರು ಎಂದು ಮಸೂದಿಯಂಥ ದೊಡ್ಡ ಇತಿಹಾಸಕಾರರೇ ಬರೆದಿದ್ದರು. ಇಬ್ನ್ ಖಲ್ದೂನ್ ಲೆಕ್ಕಕ್ಕೆ ಕುಳಿತರು. ಅಷ್ಟು ಜನ ಸಾಲಾಗಿ ನಿಂತರೆ ಒಂದು ತುದಿಯವನಿಗೆ ಇನ್ನೊಂದು ತುದಿಯಲ್ಲಿ ಏನಾಗುತ್ತಿದೆ ಗೊತ್ತಾಗುತ್ತದೆಯೇ? ಅವರಿಗೆಲ್ಲ ಜಾಗ ಎಲ್ಲಿ? ಅದಕ್ಕಿಂತ ಎಷ್ಟೋ ದೊಡ್ಡದಾಗಿದ್ದ ಪರ್ಷಿಯಾ ಸಾಮ್ರಾಜ್ಯವೇ ಅಷ್ಟು ಸೈನ್ಯ ಕಟ್ಟಲಿಲ್ಲ. ಈಜಿಪ್ಟಿಗೆ ಬಂದವರು 70 ಜನ ಎನ್ನುತ್ತಾರೆ, ನಡುವೆ ನಾಲ್ಕೇ ತಲೆಮಾರು. ಅಷ್ಟರಲ್ಲಿ 6 ಲಕ್ಷ ಯೋಧರು ಹೇಗಾದರು? ದುಡ್ಡು ಮತ್ತು ಸೈನ್ಯದ ಲೆಕ್ಕ ಹೇಳುವಾಗ ಜನ ಉಬ್ಬಿಸಿಯೇ ಹೇಳುತ್ತಾರೆ ಎಂಬುದು ಅವರ ತೀರ್ಮಾನ. ಜಾತ್ರೆಗೆ ಎಷ್ಟು ಜನ ಬಂದಿದ್ದರು ಎಂದು ಕೇಳಿ ನೋಡಿ, ಈ ಮಾತು ಇವತ್ತಿಗೂ ಸರಿ.

ಸುಳ್ಳು ಹೇಗೆ ಹುಟ್ಟುತ್ತದೆ ಎಂದೂ ಅವರು ಪಟ್ಟಿ ಮಾಡಿದರು. ನಮ್ಮ ಪಂಗಡದ ಮೇಲಿನ ಅಭಿಮಾನ. ಹೇಳಿದವರ ಮೇಲಿನ ಕುರುಡು ನಂಬಿಕೆ. ದೊಡ್ಡವರನ್ನು ಹೊಗಳಿ ಲಾಭ ಪಡೆಯುವ ಆಸೆ. ಎಲ್ಲಕ್ಕಿಂತ ಮುಖ್ಯವಾಗಿ, ಸಮಾಜ ಹೇಗೆ ನಡೆಯುತ್ತದೆ ಎಂಬುದು ತಿಳಿಯದೇ ಇರುವುದು.

ಹಾಗಾದರೆ ಎಲ್ಲವನ್ನೂ ಸುಳ್ಳು ಅಂದುಬಿಟ್ಟರೆ ಆಯಿತೇ? ಇಲ್ಲ. ಇಲ್ಲೇ ನಮ್ಮ ಕರ್ನಾಟಕದ ಕೊಂಡಿಯೂ ಸಿಗುತ್ತದೆ. ಮೊರಾಕೊದ ಯಾತ್ರಿಕ ಇಬ್ನ್ ಬತೂತಾ 1340ರ ದಶಕದಲ್ಲಿ ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದಿದ್ದರು. ಅಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆ ಎಂದು ಬರೆಸಿದ್ದಾರೆ. ಊರಿಗೆ ಮರಳಿದ ಮೇಲೆ ಫೆಜ್ ನಗರದಲ್ಲಿ ಅವರು ದೆಹಲಿಯ ಸುಲ್ತಾನನ ಕಥೆಗಳನ್ನು ಹೇಳಿದರು. ಗಿರೀಶ ಕಾರ್ನಾಡರ ನಾಟಕದಿಂದ ನಮಗೆ ಗೊತ್ತಿರುವ ಅದೇ ತುಘಲಕ್. ಆನೆಗಳ ಮೇಲೆ ಕವಣೆಯಂತ್ರ ಇಟ್ಟು ಜನರತ್ತ ನಾಣ್ಯದ ಚೀಲಗಳನ್ನು ಎಸೆಯುತ್ತಿದ್ದರಂತೆ. ಕೇಳಿದವರು 'ಇವನು ಸುಳ್ಳುಗಾರ' ಎಂದು ಪಿಸುಗುಟ್ಟಿದರು. ಇಬ್ನ್ ಖಲ್ದೂನರಿಗೂ ಅನುಮಾನ ಬಂತು.

ಆಗ ಅಲ್ಲಿನ ಮಂತ್ರಿಯೊಬ್ಬರು ಅವರಿಗೆ ಒಂದು ಕಥೆ ಹೇಳಿದರು. ಜೈಲಿಗೆ ಬಿದ್ದ ಒಬ್ಬ ವಜೀರನ ಮಗ ಜೈಲಿನಲ್ಲೇ ಬೆಳೆದ. ಒಂದು ದಿನ ತಿನ್ನುವ ಮಾಂಸ ಯಾವುದರದು ಎಂದು ಕೇಳಿದ. ಅಪ್ಪ ಕುರಿಯದ್ದು ಎಂದು ಹೇಳಿ, ಕುರಿ ಹೇಗಿರುತ್ತದೆ ಎಂದು ವಿವರಿಸಿದ. ಮಗ ಕೇಳಿದ, 'ಅಂದರೆ ಇಲಿಯ ಹಾಗೇನಪ್ಪಾ?' ಪಾಪ, ಆ ಹುಡುಗ ನೋಡಿದ್ದ ಪ್ರಾಣಿ ಇಲಿ ಒಂದೇ. ನಾವು ಕಂಡಿಲ್ಲ ಎಂಬ ಒಂದೇ ಕಾರಣಕ್ಕೆ ಇಲ್ಲ ಅನ್ನುವುದೂ ಊಹೆಯೇ. ಈ ಪ್ರಸಂಗವನ್ನು ಇಬ್ನ್ ಖಲ್ದೂನ್ ತಮ್ಮ ಪುಸ್ತಕದಲ್ಲಿ ಮುಚ್ಚುಮರೆ ಇಲ್ಲದೆ ದಾಖಲಿಸಿದ್ದಾರೆ.

ಅವರು ಹಾಕಿದ ನಿಯಮವನ್ನು ಅವರೇ ಎಲ್ಲ ಕಡೆ ಪಾಲಿಸಲಿಲ್ಲ ಎಂಬುದನ್ನೂ ಹೇಳಬೇಕು. ಆಫ್ರಿಕದ ಕಪ್ಪು ಜನರ ಬಗ್ಗೆ ತಮ್ಮ ಕಾಲದ ಕೀಳು ಮಾತುಗಳನ್ನು ಅವರೂ ಪರೀಕ್ಷಿಸದೆ ಬರೆದರು. ಆದರೆ ಆ ತಪ್ಪನ್ನು ಹಿಡಿಯಲು ನಮಗೆ ಬೇಕಾದ ಅಳತೆಗೋಲು ಅವರ ಪುಸ್ತಕದಲ್ಲೇ ಇದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೂ ಹೇಳಿದ್ದಾರೆ. ಟ್ಯೂನಿಸ್‌ನ ಆ ಪಂಡಿತರ ಮಾತೂ ಇದಕ್ಕಿಂತ ದೂರವಿಲ್ಲ. ಹಾಗಾಗಿ ಮುಂದಿನ ಸಲ ಇತಿಹಾಸದ ಹೆಸರಿನಲ್ಲಿ ಒಂದು ಸಂದೇಶ ಬಂದರೆ ಫಾರ್ವರ್ಡ್ ಒತ್ತುವ ಮೊದಲು ನಾಲ್ಕು ಪ್ರಶ್ನೆ ಕೇಳೋಣ. ಯಾರು ಹೇಳಿದ್ದು? ಆ ಕಾಲದಲ್ಲಿ ಅದು ಸಾಧ್ಯವಿತ್ತೇ? ಇದನ್ನು ನಂಬಿದರೆ ಯಾರಿಗೆ ಲಾಭ? ನನಗೆ ಹೊಸದು ಎಂಬ ಕಾರಣಕ್ಕೆ ಇಲ್ಲ ಅನ್ನುತ್ತಿದ್ದೇನೆಯೇ?

ಊರ ಹೊರಗೆ ಬಿದ್ದಿರುವ ಶಾಸನದ ಕಲ್ಲು, ಶಾಲೆಯ ಹಳೆಯ ದಾಖಲಾತಿ ಪುಸ್ತಕ, ದೇವಸ್ಥಾನ ಮತ್ತು ದರ್ಗಾದ ಹಳೆಯ ಕಾಗದಪತ್ರ, ಬರಗಾಲ ಕಂಡ ಅಜ್ಜಿಯ ನೆನಪು, ಇವೆಲ್ಲ ನಮ್ಮ ಕೈಗೆ ಸಿಗುವಷ್ಟು ಹತ್ತಿರದಲ್ಲಿವೆ. ಎತ್ತು ಈಯಿತು ಎಂದು ಯಾರಾದರೂ ಕೂಗಿದರೆ ಹಗ್ಗ ಹುಡುಕುವುದು ಬೇಡ. ಮೊದಲು ಕೊಟ್ಟಿಗೆಗೆ ಹೋಗಿ ನೋಡೋಣ.